ಗಂಟು ಬಿಚ್ಚಿ ನೋಡುವ ಹೊತ್ತು

ಒಂದು ಸಿ.ಡಿ., ನಾಲ್ಕಾರು ಸಲ ‘ನೆಕ್ಸ್ಟ್’. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಅಂಗಡಿ, ಕಚೇರಿಗಳ ಕಂಪ್ಯೂಟರಿಗೆ ಕನ್ನಡ ಬಂದದ್ದು ಹೀಗೆ, ಎಲ್ಲವನ್ನೂ ಒಟ್ಟಿಗೆ ಕಟ್ಟಿಕೊಟ್ಟ ತಂತ್ರಾಂಶದಲ್ಲಿ. ಪಳಗಿದ ಕೈಗಳು ಅದನ್ನು ತಮ್ಮ ಕೆಲಸಕ್ಕೆ ಒಗ್ಗಿಸಿಕೊಂಡವು. ಈಗ ಯಂತ್ರ ಬದಲಿಸುವ ಕಾಲ ಬಂದಿದೆ. ಹಳೆಯ ಹೊಂದಿಕೆ ಹೊಸ ಯಂತ್ರಕ್ಕೆ ಬರಲೊಲ್ಲದು.

ತುಳಸಿ ಲಗ್ನ ಮುಗಿಯಿತೆಂದರೆ ಜಮಖಂಡಿ ಪೇಟೆಯ ಡಿಟಿಪಿ ಅಂಗಡಿಗಳಲ್ಲಿ ಕೂರಲು ಜಾಗವಿರುವುದಿಲ್ಲ. ಲಗ್ನಪತ್ರಿಕೆಯ ಮಾದರಿಗಳ ದಪ್ಪ ಆಲ್ಬಮ್ ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಮಠದ ಅಜ್ಜಾರ ಹೆಸರು ಎಲ್ಲಿ ಬರಬೇಕು, ಸೋದರಮಾವನ ಹೆಸರು ಯಾವ ಸಾಲಿನಲ್ಲಿರಬೇಕು ಎಂದು ಹಿರಿಯರ ಮಾತು ನಡೆದಿರುತ್ತದೆ. ಮಾನಿಟರ್ ಮುಂದೆ ಕೂತವರು ಮಾತ್ರ ತಲೆ ಎತ್ತುವುದಿಲ್ಲ.

ಅಂಥ ಒಂದು ಸಂಜೆ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗನೊಬ್ಬ ಬಂದಿದ್ದ. ಅಕ್ಕನ ಮದುವೆಯ ಒಕ್ಕಣೆಯನ್ನು ಬಸ್ಸಿನಲ್ಲೇ ಮೊಬೈಲಿನಲ್ಲಿ ಟೈಪ್ ಮಾಡಿ ತಂದಿದ್ದ.

“ಕಾಕಾ, ಎಲ್ಲಾ ಬರದೇನ್ರಿ. ವಾಟ್ಸ್‌ಆ್ಯಪ್‌ಗೆ ಹಾಕ್ತೀನಿ, ಕಾಪಿ ಮಾಡಿ ಕೂಡಿಸ್ರಿ, ಮುಗೀತು.”

“ಹಾಕು, ನೋಡೂಣು.”

ಕಾಪಿ ಆಯಿತು, ಪೇಸ್ಟ್ ಆಯಿತು. ಪುಟದ ಮೇಲೆ ಮೂಡಿದ್ದು ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ.

“ಇದು ಪೇಜ್‌ಮೇಕರ್ ಐತಿ ತಮ್ಮಾ. ನಿನ್ನ ಮೊಬೈಲ್ ಕನ್ನಡ ಇದಕ್ಕ ಹತ್ತಂಗಿಲ್ಲ. ಫೋನ್ ಇಲ್ಲಿ ಇಡು, ನೋಡಿ ಹೊಡೀತೀನಿ.”

ಹೊಡೆಯತೊಡಗಿದರು. ಕಣ್ಣು ಫೋನಿನ ಮೇಲೆ, ಬೆರಳು ಕೀಲಿಮಣೆಯ ಮೇಲೆ. ಹುಡುಗ ಬಸ್ಸಿನಲ್ಲಿ ಗಂಟೆಗಟ್ಟಲೆ ತಡವರಿಸಿ ಬರೆದದ್ದು ಚಹಾ ಬರುವಷ್ಟರಲ್ಲಿ ಪುಟದ ಮೇಲಿತ್ತು. ಒತ್ತಕ್ಷರಗಳಿಗೆ ಕೈ ಎಲ್ಲೂ ನಿಲ್ಲಲಿಲ್ಲ. ‘ಚಿರಂಜೀವಿ ಸೌಭಾಗ್ಯವತಿ’ಯಂಥ ಪದವನ್ನು ಒಂದೇ ಉಸಿರಿನಲ್ಲಿ ಮುಗಿಸುವ ಆ ಕೈಚಳಕವನ್ನು ಎಷ್ಟು ಹೊತ್ತು ನೋಡಿದರೂ ಸಾಲದು.

ಪಕ್ಕದ ಕಂಪ್ಯೂಟರಿನಲ್ಲಿ ಇದರ ತಿರುಗುಮುರುಗು. ಬೀಳಗಿ ಕಡೆಯ ರೈತರೊಬ್ಬರು ಪೆನ್‌ಡ್ರೈವ್ ತಂದಿದ್ದರು. ಅದರಲ್ಲಿ ಹಿಂದೆ ಎಂದೋ ಟೈಪ್ ಮಾಡಿಸಿದ ಅರ್ಜಿ. ಮಗನ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳು, ಅವುಗಳ ನೆತ್ತಿಯ ಮೇಲೆ ಗೀರು, ಚುಕ್ಕೆ, ನಡುವೆ ಪೌಂಡ್ ಚಿಹ್ನೆ. “ವೈರಸ್ ಹೊಕ್ಕೈತೇನ್ರಿ?” ಎಂದು ಅವರು ಕೇಳಿದರು. ವೈರಸ್ ಇರಲಿಲ್ಲ. ಆ ಲ್ಯಾಪ್‌ಟಾಪಿನಲ್ಲಿ ನುಡಿ ಫಾಂಟ್ ಇರಲಿಲ್ಲ, ಅಷ್ಟೆ.

ಎರಡೂ ತೊಡಕಿನ ಮೂಲ ಒಂದೇ. ಅದು ತಿಳಿಯಬೇಕಾದರೆ ಇಪ್ಪತ್ತೈದು ವರ್ಷ ಹಿಂದಕ್ಕೆ ಹೋಗಬೇಕು.

ಎಲ್ಲವೂ ಒಂದೇ ಕಟ್ಟಿನಲ್ಲಿ

1990ರ ದಶಕದ ಕೊನೆಯವರೆಗೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದು ದುಡ್ಡಿದ್ದವರ ಕೆಲಸ. ಪುಣೆಯ ಶ್ರೀಲಿಪಿ, ಬೆಂಗಳೂರಿನ ಆಕೃತಿ, ಸಿ-ಡ್ಯಾಕ್‌ನ ಐಎಸ್‌ಎಂ ಮೊದಲಾದ ತಂತ್ರಾಂಶಗಳನ್ನು ದೊಡ್ಡ ಮುದ್ರಣಾಲಯಗಳು, ಪತ್ರಿಕಾ ಕಚೇರಿಗಳು ಕೊಂಡುಕೊಳ್ಳುತ್ತಿದ್ದವು. ತಾಲ್ಲೂಕು ಊರಿನ ಸಣ್ಣ ಅಂಗಡಿಗೆ ಅವು ಎಟುಕುತ್ತಿರಲಿಲ್ಲ.

1998ರ ಹೊಸ ವರ್ಷದ ದಿನ ಶೇಷಾದ್ರಿವಾಸು ಅವರ ‘ಬರಹ’ ಹೊರಬಂತು, ಉಚಿತವಾಗಿ. ಅದರ ಬೆನ್ನಿಗೇ, ಹೊಸ ಶತಮಾನದ ಮೊದಲ ವರ್ಷಗಳಲ್ಲಿ, ಸರ್ಕಾರದ ಬೆಂಬಲದೊಂದಿಗೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಅದೂ ಉಚಿತ. ಒಂದು ಸಿ.ಡಿ. ಹಾಕಿ ನಾಲ್ಕಾರು ಸಲ ‘ನೆಕ್ಸ್ಟ್’ ಒತ್ತಿದರೆ ಫಾಂಟುಗಳು, ಕೀಲಿಮಣೆ ವಿನ್ಯಾಸ, ಬರೆಯುವ ಪುಟ ಎಲ್ಲವೂ ಒಟ್ಟಿಗೆ ಇಳಿಯುತ್ತಿದ್ದವು. ಸ್ಕ್ರೋಲ್ ಲಾಕ್ ಕೀಲಿ ಒತ್ತಿದರೆ ಕನ್ನಡ, ಮತ್ತೊಮ್ಮೆ ಒತ್ತಿದರೆ ಇಂಗ್ಲಿಷ್.

ಹೊಸಬರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಯಾವ ಫಾಂಟ್ ಎಲ್ಲಿ ಹಾಕಬೇಕು, ಯಾವ ಡ್ರೈವರ್ ಬೇಕು ಎಂದು ತಲೆ ಕೆಡಿಸಿಕೊಳ್ಳದೆ ತಹಶೀಲ್ದಾರ್ ಕಚೇರಿಯ ಗುಮಾಸ್ತರು, ಮುಧೋಳದ ಕಂಪ್ಯೂಟರ್ ಕ್ಲಾಸಿನ ಹುಡುಗಿಯರು, ಬನಹಟ್ಟಿಯ ಸಹಕಾರಿ ಸಂಘದ ಲೆಕ್ಕಿಗರು ಕನ್ನಡ ಬರೆದರು. ಎಲ್ಲವನ್ನೂ ಬಿಡಿಬಿಡಿಯಾಗಿ ಕೊಟ್ಟು ‘ನೀವೇ ಜೋಡಿಸಿಕೊಳ್ಳಿ’ ಎಂದಿದ್ದರೆ ಈ ಊರುಗಳ ಕಂಪ್ಯೂಟರುಗಳಲ್ಲಿ ಇಂಗ್ಲಿಷೇ ಇರುತ್ತಿತ್ತು. ಆರಂಭಿಕರಿಗೆ ಕಟ್ಟಿಕೊಟ್ಟ ತಂತ್ರಾಂಶವನ್ನು ಹಗುರಾಗಿ ಕಾಣುವವರು ಈ ಚರಿತ್ರೆಯನ್ನು ಒಮ್ಮೆ ನೆನೆಯಬೇಕು.

ಆದರೆ ಕಟ್ಟಿನೊಳಗೆ ಮೂರು ಬೇರೆ ಬೇರೆ ಸಂಗತಿಗಳಿದ್ದವು. ಅಕ್ಷರದ ಆಕಾರ, ಅಂದರೆ ಫಾಂಟ್. ಯಾವ ಕೀಲಿಗೆ ಯಾವ ಅಕ್ಷರ ಎಂಬ ಕೀಲಿಮಣೆ ವಿನ್ಯಾಸ. ಮೂರನೆಯದು ಆ ಅಕ್ಷರ ಕಡತದೊಳಗೆ ಯಾವ ಸಂಖ್ಯೆಯಾಗಿ ಕೂರುತ್ತದೆ ಎಂಬ ಸಂಕೇತ. ಒಟ್ಟಿಗೆ ಬಂದದ್ದರಿಂದ ಜನ ಇವು ಮೂರನ್ನೂ ಒಂದೇ ಎಂದುಕೊಂಡರು. “ನುಡಿ ಬರ್ತೈತೇನ್ರಿ?” ಎಂದರೆ ಕನ್ನಡ ಟೈಪಿಂಗ್ ಬರುತ್ತದೆಯೇ ಎಂದೇ ಅರ್ಥ. ಬಿಡಿಸಿ ಹೇಳುವವರು ಯಾರೂ ಇರಲಿಲ್ಲ. ಈ ಲೇಖನದ ದೂರು ಇರುವುದು ಅದೊಂದರ ಬಗ್ಗೆ.

---

ಐದು ಕೀಲಿ, ಐದು ಸಂಕೇತ

ನುಡಿಯ ಕೀಲಿಮಣೆಯ ಬೇರು ಮಂಗಳೂರು ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿದೆ. ಡಾಸ್ ಕಾಲದಲ್ಲೇ ‘ಸೇಡಿಯಾಪು’ ಎಂಬ ತಂತ್ರಾಂಶ ಮಾಡಿ ಅದನ್ನು ಉಚಿತವಾಗಿ ಹಂಚಿದವರು ಅವರು.

ಈ ವಿನ್ಯಾಸದಲ್ಲಿ ‘ಕನ್ನಡ’ ಎಂದು ಬರೆಯಲು ಒತ್ತಬೇಕಾದ ಕೀಲಿಗಳು ಐದು: ಕೆ, ಎನ್, ಎಫ್, ಎನ್, ಡಬ್ಲ್ಯೂ. ನಡುವಿನ ಎಫ್ ಅಕ್ಷರಗಳನ್ನು ಬೆಸೆಯುವ ಕೀಲಿ.

ಹಳೆಯ ನುಡಿ ಫಾಂಟಿನಲ್ಲಿ ಇದೇ ಪದ ಏಳು ತುಂಡಾಗಿ, ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕೂರುತ್ತದೆ. ಕ, ನ, ಡ ಮೂರಕ್ಕೂ ತಲೆಕಟ್ಟು ಬೇರೆ ತುಂಡು, ನ-ಒತ್ತು ಇನ್ನೊಂದು. ಇಂದಿನ ಫೋನು, ಕಂಪ್ಯೂಟರುಗಳೆಲ್ಲ ಬಳಸುವ ಸಾಮಾನ್ಯ ಸಂಕೇತವಾದ ಯೂನಿಕೋಡಿನಲ್ಲಿ ಐದೇ ಸಂಕೇತ, ಬೆರಳು ಒತ್ತಿದ ಕ್ರಮದಲ್ಲೇ.

---

ಬನಹಟ್ಟಿಯ ರಟ್ಟು

ತಂತ್ರಾಂಶ ಅಂದರೇನು ಎಂದು ರಬಕವಿ-ಬನಹಟ್ಟಿಯವರಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಮಗ್ಗದ ನೆತ್ತಿಯ ಮೇಲೆ ಸುತ್ತುವ ಜಕಾರ್ಡ್ ರಟ್ಟುಗಳನ್ನು ಅವರು ನೋಡುತ್ತಲೇ ಬೆಳೆದವರು.

ರಟ್ಟಿನಲ್ಲಿ ತೂತಿದ್ದಲ್ಲಿ ಕೊಕ್ಕೆ ಎದ್ದು ಹಾಸಿನ ಎಳೆಯನ್ನು ಎತ್ತುತ್ತದೆ, ತೂತಿಲ್ಲದಲ್ಲಿ ಎಳೆ ಕೆಳಗೇ ಉಳಿಯುತ್ತದೆ. ನಡುವೆ ಲಾಳಿ ಹಾಯುತ್ತದೆ. ಒಂದು ಹೊಕ್ಕಿಗೆ ಒಂದು ರಟ್ಟು. ಫ್ರಾನ್ಸಿನ ಲಿಯೋನ್ ನಗರದಲ್ಲಿ ಜೋಸೆಫ್ ಮರೀ ಜಕಾರ್ಡ್ 1804ರ ಹೊತ್ತಿಗೆ ಕುದುರಿಸಿದ ಈ ಉಪಾಯವೇ ಮುಂದೆ ಚಾರ್ಲ್ಸ್ ಬ್ಯಾಬೇಜನ ಯಂತ್ರದ ಕಲ್ಪನೆಗೆ ಹೋಯಿತು. 1890ರ ಅಮೆರಿಕದ ಜನಗಣತಿಯಲ್ಲಿ ಹಾಲರಿತ್‌ನ ಯಂತ್ರಗಳು ಎಣಿಸಿದ್ದೂ ತೂತು ಕೊರೆದ ರಟ್ಟುಗಳನ್ನೇ. ನೇಕಾರರ ಮನೆಯ ಯಂತ್ರ ಕಂಪ್ಯೂಟರಿನ ನೇರ ಪೂರ್ವಜ.

ಸಿದ್ಧವಾದದ್ದನ್ನು ಬಳಸುವುದು ಒಂದು ದಾರಿ, ತಮಗೆ ಬೇಕಾದಂತೆ ಕಟ್ಟಿಸಿಕೊಳ್ಳುವುದು ಇನ್ನೊಂದು. ಮಗ್ಗದಲ್ಲೂ ಈ ಎರಡು ದಾರಿಗಳಿವೆ. ಸಣ್ಣ ಅಂಚಿಗೆ ಡಾಬಿ ಎಂಬ ಸರಳ ಸಾಧನ ಸಾಕು. ಅದರಲ್ಲಿ ಸಾಧ್ಯವಿರುವ ವಿನ್ಯಾಸ ಕೆಲವೇ, ಆದರೆ ಕಲಿಯುವುದು ಸುಲಭ, ಕೆಡುವುದು ಕಡಿಮೆ. ಸೆರಗಿನಲ್ಲಿ ನವಿಲು ಬೇಕು, ಗೋಪುರ ಬೇಕು ಎಂದರೆ ಜಕಾರ್ಡ್‌ಗೇ ಹೋಗಬೇಕು. ತಮ್ಮದೇ ನಕ್ಷೆ ಬರೆಸಿ, ತಮ್ಮದೇ ರಟ್ಟು ಕೊರೆಸಬೇಕು. ಡಾಬಿಯವರು ಜಕಾರ್ಡ್‌ನವರಿಗಿಂತ ಕಡಿಮೆ ಎಂದು ಯಾವ ನೇಕಾರರೂ ಹೇಳುವುದಿಲ್ಲ. ಯಾವ ಸೀರೆಗೆ ಯಾವುದು ಎಂಬುದಷ್ಟೇ ಪ್ರಶ್ನೆ.

ಈ ಊರುಗಳ ಲೆಕ್ಕದ ಮೇಜಿನ ಮೇಲೂ ಇದೇ ಪ್ರಶ್ನೆ ಕೂತಿದೆ. 1986ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಲೆಕ್ಕದ ತಂತ್ರಾಂಶ ಟ್ಯಾಲಿಯನ್ನು ಮಹಾಲಿಂಗಪುರದ ಬೆಲ್ಲದ ವ್ಯಾಪಾರಿ ಇದ್ದದ್ದು ಇದ್ದಂತೆ ಬಳಸಬಹುದು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಇಂಥ ಸಿದ್ಧ ತಂತ್ರಾಂಶವಿದ್ದದ್ದರಿಂದಲೇ ಎಷ್ಟೋ ಅಂಗಡಿಗಳು ತಡೆದುಕೊಂಡವು.

ಸೀರೆ ನೇಯಿಸುವ ಮಾಲೀಕರ ಲೆಕ್ಕ ಬೇರೆ. ಯಾವ ಕೂಲಿ ನೇಕಾರರಿಗೆ ಎಷ್ಟು ನೂಲು ಹೋಯಿತು, ಎಷ್ಟು ಸೀರೆ ಬಂತು, ತೂಕದಲ್ಲಿ ಎಷ್ಟು ಕಳೆಯಿತು, ಮುಂಗಡ ಎಷ್ಟು ಉಳಿಯಿತು ಎಂಬುದೆಲ್ಲ ಒಂದೇ ಪರದೆಯ ಮೇಲೆ ಬೇಕೆನ್ನಿಸುವುದು ಸಹಜ. ಟ್ಯಾಲಿಯಲ್ಲಿ ಅದಕ್ಕೂ ದಾರಿಯಿದೆ. ಟಿಡಿಎಲ್ ಎಂಬ ಅದರದೇ ಭಾಷೆಯಲ್ಲಿ ಬೇಕಾದ ಪರದೆ, ಬೇಕಾದ ವರದಿ ಬರೆಸಿಕೊಳ್ಳಬಹುದು.

ಬರೆಸಿಕೊಳ್ಳುವಾಗ ಒಂದು ಮಾತು ಗಟ್ಟಿ ಮಾಡಿಕೊಳ್ಳಬೇಕು. ಬರೆದುಕೊಟ್ಟವರು ಹುಬ್ಬಳ್ಳಿಗೋ ಪುಣೆಗೋ ಹೋದ ಮೇಲೆ ಅದನ್ನು ಓದಬಲ್ಲವರು ಯಾರು? ಆವೃತ್ತಿ ಬದಲಾದಾಗ ಅದು ನಡೆಯುತ್ತದೆಯೇ ಎಂದು ಪರೀಕ್ಷಿಸುವವರು ಯಾರು? ಮೂಲ ಬರಹದ ಒಂದು ಪ್ರತಿ ಮಾಲೀಕರ ಕೈಯಲ್ಲಿ ಇರಲೇಬೇಕು. ರಟ್ಟು ಕೊರೆಸಿದ ಮೇಲೆ ನಕ್ಷೆಯ ಹಾಳೆಯನ್ನು ಜೋಪಾನ ಮಾಡುವ ಊರಿಗೆ ಇದು ಅರ್ಥವಾಗದ ಮಾತಲ್ಲ.

ಪಳಗಿದ ಕೈಯ ಇಕ್ಕಟ್ಟು

ಮತ್ತೆ ಡಿಟಿಪಿಗೆ ಬರೋಣ. ಸಾಮಾನ್ಯ ನಂಬಿಕೆ ಏನೆಂದರೆ, ಸಿದ್ಧ ಕಟ್ಟು ಹೊಸಬರನ್ನು ಕಟ್ಟಿಹಾಕುತ್ತದೆ, ತಾನೇ ಜೋಡಿಸಿಕೊಂಡವನು ಸ್ವತಂತ್ರ. ಈ ನಾಲ್ಕು ಊರುಗಳ ಅಂಗಡಿಗಳನ್ನು ನೋಡಿದರೆ ಇದು ಅರ್ಧ ಮಾತ್ರ ನಿಜ.

ಅನುಭವಿ ಆಪರೇಟರ್ ತಮ್ಮ ಕಂಪ್ಯೂಟರನ್ನು ವರ್ಷಗಳ ಕಾಲ ತಿದ್ದಿ ತೀಡಿಕೊಂಡಿರುತ್ತಾರೆ. ಪುಟ ಕಟ್ಟುವ ಪೇಜ್‌ಮೇಕರ್ 7, ಅದಕ್ಕೆ ಹೊಂದುವ ನುಡಿಯ ಹಳೆಯ ಆವೃತ್ತಿ, ಅಲ್ಲಿ ಇಲ್ಲಿ ಕೂಡಿಸಿದ ಅಲಂಕಾರದ ಫಾಂಟುಗಳು, ಗಣಪನ ಚಿತ್ರಗಳ ಫೋಲ್ಡರ್, ಹಳೆಯ ಪ್ರಿಂಟರಿಗೆ ಹೇಗೋ ಒಗ್ಗಿಸಿದ ಡ್ರೈವರ್. ಒಂದನ್ನು ಅಲುಗಿಸಿದರೆ ಇನ್ನೊಂದು ನಿಲ್ಲುತ್ತದೆ. ಹೀಗಾಗಿ ಯಾವುದನ್ನೂ ಅಲುಗಿಸುವುದಿಲ್ಲ. ಇಂಟರ್ನೆಟ್ ವೈರನ್ನು ಕೂಡ ಕಿತ್ತಿಟ್ಟು ಆ ಒಂದು ಯಂತ್ರವನ್ನು ಕಾಪಾಡಿಕೊಂಡು ಬಂದವರಿದ್ದಾರೆ.

ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದೇ ಅದರ ಕೊನೆಯ ಆವೃತ್ತಿ. ಯೂನಿಕೋಡ್ ಅದಕ್ಕೆ ತಿಳಿಯದು. ಅದೇ 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಯೂನಿಕೋಡ್ ಕನ್ನಡ ಫಾಂಟ್ ಜೊತೆಗೇ ಇತ್ತು. ಅಂದರೆ ಹೊಸ ದಾರಿ, ಹಳೆ ದಾರಿ ಎರಡೂ ಒಂದೇ ಯಂತ್ರದಲ್ಲಿ ಎರಡು ದಶಕ ಅಕ್ಕಪಕ್ಕ ಇದ್ದವು. ದಾಟಿಸುವವರು ಮಾತ್ರ ಇರಲಿಲ್ಲ.

ಇತ್ತ ಏನನ್ನೂ ಜೋಡಿಸಿಕೊಳ್ಳದ ಹುಡುಗ ಹೊಸ ಫೋನ್ ಕೊಳ್ಳುತ್ತಾನೆ. ಅದರಲ್ಲಿ ಕನ್ನಡ ಫಾಂಟ್ ಇದ್ದೇ ಇರುತ್ತದೆ. ಕೀಲಿಮಣೆ ಆರಿಸಿಕೊಂಡರೆ ಆಯಿತು. ಅವನ ವೇಗ ಕಡಿಮೆ, ಒತ್ತಕ್ಷರದಲ್ಲಿ ತಪ್ಪುತ್ತಾನೆ. ಆದರೂ ಅವನು ಬರೆದದ್ದು ಬೆಂಗಳೂರಿನಲ್ಲೂ ದುಬೈನಲ್ಲೂ ಕನ್ನಡವಾಗಿಯೇ ತೆರೆಯುತ್ತದೆ, ಹುಡುಕಿದರೆ ಸಿಗುತ್ತದೆ, ಕುರುಡರ ಕಂಪ್ಯೂಟರ್ ಅದನ್ನು ಓದಿ ಹೇಳುತ್ತದೆ. ಆಪರೇಟರ್ ಬರೆದದ್ದು ಕಾಗದದ ಮೇಲೆ ಅಂದವಾಗಿ ಮೂಡಿ ಅಲ್ಲಿಗೇ ನಿಲ್ಲುತ್ತದೆ. ನಮ್ಮ ಅತ್ಯುತ್ತಮ ಬೆರಳಚ್ಚುಗಾರರ ದುಡಿಮೆ ಹೀಗೆ ಕಡತದಲ್ಲಿ ಹುದುಗಿ ಹೋಗುತ್ತಿರುವುದು ನನಗೆ ತೀರಾ ಬೇಸರದ ಸಂಗತಿ.

---

ಈಗಲೇ ಯಾಕೆ?

ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2014ರ ಏಪ್ರಿಲ್ 8ರಂದು. ವಿಂಡೋಸ್ 7ಕ್ಕೆ 2020ರ ಜನವರಿ 14. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14. ವಿಂಡೋಸ್ 11 ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಹೀಗಾಗಿ ಅನೇಕ ಅಂಗಡಿ, ಕಚೇರಿಗಳು ಯಂತ್ರವನ್ನೇ ಬದಲಿಸಬೇಕು, ಇಲ್ಲವೇ ಹಳೆ ಯಂತ್ರಕ್ಕೆ ಲಿನಕ್ಸ್ ಹಾಕಬೇಕು.

---

ಬೀಳಗಿಯ ಕಾಗದಗಳು

ಲಗ್ನಪತ್ರಿಕೆಯ ಕಡತ ಮದುವೆ ಮುಗಿದ ಮೇಲೆ ಹೋದರೂ ನಡೆದೀತು. ಬೀಳಗಿಯಲ್ಲಿ ಹಾಗಲ್ಲ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಊರು, ಹೊಲ ಬಿಟ್ಟುಕೊಟ್ಟ ತಾಲ್ಲೂಕು ಇದು. 519.60 ಮೀಟರಿನವರೆಗೆ ನೀರು ನಿಂತಾಗಿನ ಪರಿಹಾರ, ಪುನರ್ವಸತಿಯ ಕಾಗದ ಒಂದು ಕಟ್ಟು. 2010ರ ಕೊನೆಯಲ್ಲಿ ಕೃಷ್ಣಾ ಎರಡನೆಯ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿದ ಮೇಲಿನ ಕಾಗದ ಇನ್ನೊಂದು ಕಟ್ಟು. ಮುಳುಗಡೆಯ ಕುಟುಂಬಕ್ಕೆ ಹಳೆಯ ಅರ್ಜಿ, ತಕರಾರು, ಸರ್ವೆ ನಂಬರು, ವಾರಸುದಾರರ ಹೆಸರುಗಳೇ ಆಸ್ತಿ.

ಸರ್ಕಾರದ ಪಹಣಿಗೆ ‘ಭೂಮಿ’ ಇದೆ. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿದ ಆ ಯೋಜನೆ ಕರ್ನಾಟಕಕ್ಕೆಂದೇ ಎನ್‌ಐಸಿ ಕಟ್ಟಿದ್ದು. ಹಾಗೆ ವಿಶೇಷವಾಗಿ ಕಟ್ಟಿಸಿದ ತಂತ್ರಾಂಶವನ್ನು ನೋಡಿಕೊಳ್ಳಲು ಸಂಬಳದ ಜನರಿದ್ದಾರೆ. ರೈತರ ಮನೆಯ ಪೆನ್‌ಡ್ರೈವಿಗೆ ಅಂಥವರು ಯಾರೂ ಇಲ್ಲ. ಅದರಲ್ಲಿರುವ ಅರ್ಜಿ ತೆರೆಯದಿದ್ದರೆ ಮತ್ತೆ ಅಂಗಡಿಗೆ ಹೋಗಬೇಕು, ಮತ್ತೆ ದುಡ್ಡು ಕೊಟ್ಟು ಟೈಪ್ ಮಾಡಿಸಬೇಕು.

ತೆರೆದರೂ ಇನ್ನೊಂದು ತೊಡಕು. ಹಳೆಯ ಫಾಂಟಿನ ಹೆಸರುಪಟ್ಟಿಯನ್ನು ಎಕ್ಸೆಲ್ ಅಕಾರಾದಿಯಾಗಿ ಜೋಡಿಸಲಾರದು. ಅದಕ್ಕೆ ಕಾಣುವುದು ಒಳಗಿನ ಇಂಗ್ಲಿಷ್ ಸಂಕೇತಗಳು ಮಾತ್ರ. ಒಂದು ಊರಿನ ಸಂತ್ರಸ್ತರ ಪಟ್ಟಿಯಲ್ಲಿ ಒಂದು ಅಡ್ಡಹೆಸರು ಹುಡುಕಲು ಬೆರಳಿಟ್ಟು ಸಾಲು ಸಾಲು ಓದಬೇಕು. ಯೂನಿಕೋಡಿನಲ್ಲಿ ಇದ್ದಿದ್ದರೆ ಕ್ಷಣದ ಕೆಲಸ.

ದಾಟಬಹುದು, ದಾಟಿದವರಿದ್ದಾರೆ

ಇದು ಆಗದ ಕೆಲಸವೇನಲ್ಲ. ಶರಣರ ನೆನಪು ಹೊತ್ತ ಕೂಡಲಸಂಗಮ ಇರುವುದು ಇದೇ ಬಾಗಲಕೋಟೆ ಜಿಲ್ಲೆಯಲ್ಲಿ. ಆ ಶರಣರ ವಚನಗಳು ಇಂದು ‘ವಚನ ಸಂಚಯ’ ಜಾಲತಾಣದಲ್ಲಿ ಯೂನಿಕೋಡಿನಲ್ಲಿವೆ, ಇಪ್ಪತ್ತು ಸಾವಿರಕ್ಕೂ ಹೆಚ್ಚು. ಒಂದು ಪದ ಕೊಟ್ಟರೆ ಅದು ಯಾವ ಯಾವ ವಚನಕಾರರಲ್ಲಿ ಬಂದಿದೆ ಎಂದು ತೋರಿಸುತ್ತದೆ. ಹಳೆಯ ಫಾಂಟಿನ ಪಠ್ಯವನ್ನು ಪರಿವರ್ತಿಸಿ, ತಿದ್ದಿ, ಆಸಕ್ತರು ಸೇರಿ ಮಾಡಿದ ಕೆಲಸ ಅದು.

ಪರಿವರ್ತಕಗಳು ಈಗ ಬೇಕಾದಷ್ಟಿವೆ. ನುಡಿಯ ಈಚಿನ ಆವೃತ್ತಿಗಳಲ್ಲಿ ಯೂನಿಕೋಡೂ ಇದೆ, ಪರಿವರ್ತಕವೂ ಇದೆ. ಅಂತರ್ಜಾಲದಲ್ಲಿ ಉಚಿತವಾದವೂ ಸಿಗುತ್ತವೆ. ಆದರೆ ಒತ್ತಿ ಕೈತೊಳೆದುಕೊಳ್ಳುವಂತಿಲ್ಲ. ಎರಡು ಜಾಗದಲ್ಲಿ ಕಣ್ಣಿಡಬೇಕು.

ಒಂದು, ಅರ್ಕಾವೊತ್ತು. ‘ಸೂರ್ಯ’ ಎಂಬ ಪದದಲ್ಲಿ ಹಳೆಯ ಫಾಂಟ್ ‘ಸೂ’, ‘ಯ’, ಆಮೇಲೆ ಅರ್ಕಾವೊತ್ತು ಎಂದು ಕಣ್ಣಿಗೆ ಕಂಡ ಕ್ರಮದಲ್ಲಿ ಇಡುತ್ತದೆ. ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ‘ರ್’ ಅನ್ನು ‘ಯ’ಕ್ಕಿಂತ ಮುಂಚೆ ಇಡುತ್ತದೆ. ಪರಿವರ್ತಕ ಆ ತುಂಡನ್ನು ಹಿಂದಿನಿಂದ ಮುಂದಕ್ಕೆ ತರಬೇಕು. ಸಾಮಾನ್ಯವಾಗಿ ತರುತ್ತದೆ. ಒತ್ತಿನ ಮೇಲೆ ಒತ್ತು ಬಂದ ಪದಗಳಲ್ಲಿ ಕೆಲವೊಮ್ಮೆ ಎಡವುತ್ತದೆ. ಹೆಸರು, ಊರು ಇರುವ ಕಡೆ ಒಂದೊಂದನ್ನೂ ಅಸಲಿನ ಜೊತೆ ತಾಳೆ ನೋಡಬೇಕು. ‘ರ‍್ಯಾಂಕ್’ ಥರದ ಪದಗಳಲ್ಲಿ ರ ಮುಂದೆ ನಿಂತು ಯ ಒತ್ತಾಗಬೇಕು. ಅದಕ್ಕೆ ಯೂನಿಕೋಡಿನಲ್ಲಿ ಕಣ್ಣಿಗೆ ಕಾಣದ ಒಂದು ಜೋಡಣೆಯ ಸಂಕೇತ ಬೇಕು. ಅದಿಲ್ಲದಿದ್ದರೆ ‘ರ್ಯಾಂಕ್’ ಆಗಿಬಿಡುತ್ತದೆ.

ಎರಡು, ನಡುವೆ ಬಂದ ಇಂಗ್ಲಿಷ್. ಹಳೆಯ ಫಾಂಟಿನ ಕಡತದಲ್ಲಿ ಕನ್ನಡವೂ ಇಂಗ್ಲಿಷ್ ಸಂಕೇತದಲ್ಲೇ ಇರುವುದರಿಂದ, ಬರಿಯ ಪಠ್ಯ ನೋಡುವ ಪರಿವರ್ತಕಕ್ಕೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ನಿಜವಾದ ಇಂಗ್ಲಿಷ್ ಪದವನ್ನೂ ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಮೊದಲೇ ಅವನ್ನು ಗುರುತು ಮಾಡಿ ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು.

ಅಸಲು ಕಡತವನ್ನು ಯಾವ ಕಾರಣಕ್ಕೂ ಅಳಿಸಬಾರದು. ಅದರ ಜೊತೆಗೆ ಆ ಫಾಂಟನ್ನೂ ಒಂದು ಪಿಡಿಎಫ್ ಪ್ರತಿಯನ್ನೂ ಇಟ್ಟುಕೊಂಡರೆ ಮುಂದೆ ಎಂದಾದರೂ ತಾಳೆ ನೋಡಬಹುದು.

ಬೆರಳು ಬದಲಾಗಬೇಕಿಲ್ಲ

“ಇಷ್ಟ ವರ್ಷ ಕಲ್ತದ್ದೆಲ್ಲಾ ಬಿಡಬೇಕೇನ್ರಿ?” ಎಂದು ಆಪರೇಟರ್ ಒಬ್ಬರು ಕೇಳಿದರು. ಬಿಡಬೇಕಿಲ್ಲ. ಇದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಸಾಲದು.

ಬೆರಳಿಗೆ ಹತ್ತಿದ ವಿದ್ಯೆ ಕೀಲಿಮಣೆಯದು. ಅದು ಹಾಗೆಯೇ ಇರುತ್ತದೆ. ನುಡಿಯ ಯೂನಿಕೋಡ್ ಬರವಣಿಗೆಯಲ್ಲಿ ಅದೇ ಕೀಲಿಗಳು. ಲಿನಕ್ಸ್‌ನಲ್ಲಿ ಕೀಲಿಮಣೆಗಳ ಪಟ್ಟಿ ತೆರೆದರೆ ಕನ್ನಡದ ಕೆಳಗೆ ‘ಕಗಪ’ (ಕನ್ನಡ ಗಣಕ ಪರಿಷತ್ತು) ಎಂದೇ ಹೆಸರಿದೆ, ಬೇರೆ ತಂತ್ರಾಂಶ ಹಾಕುವ ಅಗತ್ಯವೂ ಇಲ್ಲ. ಬದಲಾಗುವುದು ಒಳಗೆ ಕೂರುವ ಸಂಕೇತ, ಅದರ ಜೊತೆಗೆ ಫಾಂಟ್ ಮತ್ತು ಪುಟ ಕಟ್ಟುವ ತಂತ್ರಾಂಶ.

ಪುಟ ಕಟ್ಟಲು ಇನ್‌ಡಿಸೈನ್ ಕೊಳ್ಳುವವರು ಒಂದು ಸೆಟ್ಟಿಂಗ್ ನೋಡಿಕೊಳ್ಳಬೇಕು. ಪ್ಯಾರಾಗ್ರಾಫ್ ಕಂಪೋಸರನ್ನು ‘ವರ್ಲ್ಡ್-ರೆಡಿ’ಗೆ ಬದಲಿಸದಿದ್ದರೆ ಒತ್ತಕ್ಷರಗಳು ಒಡೆದು ಬೀಳುತ್ತವೆ. “ಹೊಸಾದ್ರಾಗ ಕನ್ನಡ ಸರಿ ಬರಂಗಿಲ್ಲ” ಎಂದು ಮರಳಿ ಹಳೆಯದಕ್ಕೆ ಹೋದವರು ಇದೊಂದನ್ನು ನೋಡಿದ್ದರೆ ಸಾಕಿತ್ತು. ದುಡ್ಡು ಹಾಕಲಾಗದವರಿಗೆ ಸ್ಕ್ರೈಬಸ್ ಇದೆ, ಉಚಿತ. 2017ರ 1.5.3 ಆವೃತ್ತಿಯಿಂದ ಅದು ನಮ್ಮ ಲಿಪಿಗಳನ್ನು ಸರಿಯಾಗಿ ಜೋಡಿಸುತ್ತದೆ.

ಫಾಂಟುಗಳ ವಿಷಯದಲ್ಲಿ ಆಪರೇಟರುಗಳ ದೂರು ನ್ಯಾಯವಾದದ್ದೇ. ಲಗ್ನಪತ್ರಿಕೆ, ಜಾತ್ರೆಯ ಫ್ಲೆಕ್ಸಿಗೆ ಒಪ್ಪುವ ಅಲಂಕಾರದ ಅಕ್ಷರಗಳು ಹಳೆಯ ಸಂಕೇತದಲ್ಲಿ ಇದ್ದಷ್ಟು ಯೂನಿಕೋಡಿನಲ್ಲಿ ಇನ್ನೂ ಬಂದಿಲ್ಲ. ನವಿಲು, ಗುಬ್ಬಿ, ಬೆಣ್ಣೆ, ಬಲೂ ತಮ್ಮ, ನೋಟೊ ಇವೆ. ಇನ್ನೂ ಬೇಕು. ಕನ್ನಡ ಅಭಿವೃದ್ಧಿ ಪ್ರಾಧಿಕಾರ, ವಿಶ್ವವಿದ್ಯಾಲಯಗಳು ಫಾಂಟ್ ಮಾಡಿಸುವಾಗ ಪುಸ್ತಕದ ಅಕ್ಷರವನ್ನಷ್ಟೇ ನೋಡದೆ ಈ ಪೇಟೆಯ ಬೇಡಿಕೆಯನ್ನೂ ಕೇಳಬೇಕು.

---

ಕಾಸರಗೋಡಿನ ಕಟ್ಟು

ಸಿದ್ಧ ಕಟ್ಟನ್ನು ಹೇಗೆ ಕಟ್ಟಬೇಕು ಎಂಬುದಕ್ಕೆ ಕಾಸರಗೋಡಿನ ಕನ್ನಡ ಶಾಲೆಗಳನ್ನು ನೋಡಬಹುದು. ಕೇರಳದ ಐಟಿ@ಸ್ಕೂಲ್ ಯೋಜನೆ 2001ರಲ್ಲಿ ಶುರುವಾಗಿ, 2017ರಲ್ಲಿ ‘ಕೈಟ್’ ಸಂಸ್ಥೆಯಾಯಿತು. ಉಬುಂಟುವನ್ನು ಆಧಾರವಾಗಿಟ್ಟು ಅದು ಶಾಲೆಗಳಿಗೆಂದೇ ತನ್ನ ಲಿನಕ್ಸ್ ಹೊರತರುತ್ತದೆ. 22.04 ಆವೃತ್ತಿ 2024ರಲ್ಲಿ ಬಂತು. ಪಠ್ಯಕ್ಕೆ ಬೇಕಾದ ಜಿಯೋಜೀಬ್ರಾದಂಥ ಸಾಧನಗಳೆಲ್ಲ ಒಮ್ಮೆಲೇ ಇಳಿಯುತ್ತವೆ. ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಇದೆ.

ಎಲ್ಲವೂ ಮುಕ್ತ ತಂತ್ರಾಂಶವಾದ್ದರಿಂದ ಆಸಕ್ತಿಯಿರುವ ವಿದ್ಯಾರ್ಥಿ ಮುಂದೆ ಬೇಡದ್ದು ತೆಗೆದು, ಬೇಕಾದ್ದು ಹಾಕಿ ತನ್ನದೇ ಕಟ್ಟು ಮಾಡಿಕೊಳ್ಳಬಹುದು. ಬುಡದಿಂದಲೇ ಒಂದೊಂದಾಗಿ ಜೋಡಿಸಬೇಕೆನ್ನುವವರಿಗೆ 2002ರಿಂದ ಆರ್ಚ್ ಲಿನಕ್ಸ್ ಇದೆ.

---

ಕ್ಲಾಸಿನಲ್ಲಿ ಒಂದು ಗಂಟೆ

ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯನ್ನು ಕಡ್ಡಾಯ ಮಾಡಿದ ನಿಯಮ 2012ರದ್ದು. ಅದರ ಓಟದಲ್ಲಿ ತಾಲ್ಲೂಕು ಊರುಗಳ ಕಂಪ್ಯೂಟರ್ ಕ್ಲಾಸುಗಳು ತುಂಬಿದವು. ಕಲಿಸಿದ್ದೇನು? ಯಾವ ಮೆನು, ಯಾವ ಬಟನ್. ಪರೀಕ್ಷೆಗೆ ಅಷ್ಟು ಸಾಕು. ಆದರೆ ಅಲ್ಲಿ ಕಲಿತವರೇ ನಾಳೆ ಗ್ರಾಮ ಪಂಚಾಯಿತಿಯ ದಾಖಲೆ ಬರೆಯುವವರು.

ಮುಧೋಳದಂಥ ಊರಿನ ಕ್ಲಾಸಿನಲ್ಲಿ ಒಂದೇ ಒಂದು ಗಂಟೆ ಬೇರೆಯಾಗಿ ಕಳೆಯಲು ಸಾಧ್ಯ. ಮಕ್ಕಳಿಗೆ ಹೊಸ ಕಡತ ತೆರೆಸಿ ‘ರನ್ನ ಹುಟ್ಟಿದ ಊರು ಮುಧೋಳ’ ಎಂದು ಎರಡು ಸಲ ಬರೆಸಬೇಕು, ಒಮ್ಮೆ ನುಡಿಯ ಹಳೆಯ ಫಾಂಟಿನಲ್ಲಿ, ಒಮ್ಮೆ ಯೂನಿಕೋಡಿನಲ್ಲಿ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಈಗ ಎರಡಕ್ಕೂ ಬೇರೆ ಫಾಂಟ್ ಹಾಕಿಸಬೇಕು. ಒಂದು ಸಾಲು ಗೀಚಿನ ರಾಶಿಯಾಗುತ್ತದೆ, ಇನ್ನೊಂದು ಕನ್ನಡವಾಗಿ ಉಳಿಯುತ್ತದೆ. ಎರಡನ್ನೂ ಮೊಬೈಲಿಗೆ ಕಳಿಸಿ ನೋಡಲು ಹೇಳಬೇಕು. ಹುಡುಕುವ ಪೆಟ್ಟಿಗೆಯಲ್ಲಿ ‘ಮುಧೋಳ’ ಎಂದು ಹುಡುಕಿಸಬೇಕು. ಒಂದೇ ಸಿಗುತ್ತದೆ.

ಆಮೇಲೆ ಆ ಹಳೆಯ ಸಾಲನ್ನು ಅವರ ಕೈಯಿಂದಲೇ ಪರಿವರ್ತನೆ ಮಾಡಿಸಬೇಕು. ಯಾವ ಅಕ್ಷರ ತಪ್ಪಾಯಿತು, ಯಾಕೆ ತಪ್ಪಾಯಿತು ಎಂದು ಕೇಳಬೇಕು. ಮರುದಿನ ಮನೆಯಲ್ಲಿರುವ ಹಳೆಯ ಅರ್ಜಿಯನ್ನೋ, ಅಜ್ಜನ ಹೆಸರಿನ ಕಾಗದವನ್ನೋ ಪೆನ್‌ಡ್ರೈವಿನಲ್ಲಿ ತರಲು ಹೇಳಬೇಕು. ಅಂಥ ಕಡತಗಳು ಈ ನಾಲ್ಕೂ ಊರುಗಳ ಮನೆಗಳಲ್ಲಿ ರಾಶಿ ಬಿದ್ದಿವೆ.